ಐಫೋನಿನ ಹೆಲ್ತ್ ಆಪ್‌ನಲ್ಲಿ ಹಳೇ ಫೋನು, ಹಳೇ ವಾಚು ಇನ್ನೂ ಕೂತಿದೆ, ಅಮ್ಮನ ಹೆಜ್ಜೆ ಲೆಕ್ಕ ತಪ್ಪಾಗ್ತಿದೆ. ತೆಗೆಯೋದು ಹೇಗೆ?

ನಾಪೋಕ್ಲು ತೋಟ:

ಎಲ್ರಿಗೂ ನಮಸ್ಕಾರ. ಅಮ್ಮನಿಗೆ ಮೇ ತಿಂಗಳಲ್ಲಿ ಮೈಸೂರಲ್ಲಿ ಮಂಡಿ ಆಪರೇಷನ್ ಆಯ್ತು. ದಿನಾ ಎಷ್ಟು ನಡೀತಾರೆ ಅಂತ ಫೋನಲ್ಲಿ ಬರೋ ಲೆಕ್ಕನ ವಾರಕ್ಕೊಂದ್ ಸಲ ವಾಟ್ಸಪ್ ಮಾಡಿ ಅಂತ ಫಿಸಿಯೋ ಹೇಳಿದ್ದಾರೆ, ಇಲ್ಲಿಂದ ಪ್ರತಿ ಸಲ ಮೈಸೂರಿಗೆ ಕರ್ಕೊಂಡ್ ಹೋಗೋದು ಕಷ್ಟ ಅಲ್ವಾ, ಅದಕ್ಕೆ. ಸಮಸ್ಯೆ ಏನಂದ್ರೆ ಅಮ್ಮ ವರಾಂಡದಲ್ಲಿ ಆ ಕಡೆ ಈ ಕಡೆ ನಡೆದ್ರೆ ಸಾವಿರ ಸಾವಿರದೈನೂರು ಹೆಜ್ಜೆ ಆಗ್ಬೇಕು, ಹೆಲ್ತ್ ಆಪ್ ಒಂದೊಂದ್ ದಿನ ಒಂಬತ್ ಸಾವಿರ ತೋರಿಸುತ್ತೆ. ಮಹಡಿ ಹತ್ತಿದ ಲೆಕ್ಕ ಇಪ್ಪತ್ತರ ಮೇಲೆ. ನಮ್ಮದು ಹೆಂಚಿನ ಮನೆ, ಮಹಡಿನೇ ಇಲ್ಲ! ಫಿಸಿಯೋ ನೋಡಿ ಗಾಬರಿ ಆಗಿ ಇಷ್ಟೆಲ್ಲಾ ಯಾಕೆ ನಡೆಸ್ತಿದ್ದೀರ ಅಂತ ಫೋನ್ ಮಾಡಿದ್ರು.

ಅಮ್ಮನದು ಐಫೋನ್ 13, ಹೋದ ವರ್ಷ ಸೆಪ್ಟೆಂಬರಲ್ಲಿ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ತಗೊಂಡಿದ್ದು. ಅದಕ್ಕಿಂತ ಮುಂಚೆ ಐಫೋನ್ 8 ಇತ್ತು. ಒಂದು ಆಪಲ್ ವಾಚೂ ಇತ್ತು, ಅದನ್ನ ಈಗ ಕುಶಾಲನಗರದ ಚಿಕ್ಕಮ್ಮನಿಗೆ ಕೊಟ್ಟಿದ್ದೀವಿ. ಬ್ಲೂಟೂತ್ ಬಿಪಿ ಮಿಷನ್ ಒಂದಿತ್ತು, ಅದು ಪಕ್ಕದ ಮನೆಗೆ ಹೋಯ್ತು. ಆಪ್‌ನಲ್ಲಿ ಡಿವೈಸಸ್ ಅಂತ ಇರೋ ಕಡೆ ನೋಡಿದ್ರೆ ಐಫೋನ್ ಅಂತ ಐದಾರು ಸಲ, ವಾಚ್ ಅಂತ ಅದಕ್ಕಿಂತ ಜಾಸ್ತಿ ಸಲ ಇದೆ. ಬಿಪಿ ಮಿಷನ್ನಿಗೆ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಫರ್ಗೆಟ್ ಕೊಟ್ಟಾಯ್ತು, ಆದ್ರೂ ಅದರ ರೀಡಿಂಗ್ ಎಲ್ಲಾ ಹಾಗೇ ಇದೆ. ಒಂದೊಂದು ಡಿವೈಸ್ ಒಳಗೆ ಹೋದ್ರೆ ಡೇಟಾ ಎಲ್ಲಾ ಡಿಲೀಟ್ ಮಾಡೋ ಕೆಂಪು ಬಟನ್ ಒಂದು ಬಿಟ್ರೆ ಬೇರೆ ಏನೂ ಇಲ್ಲ. ಒತ್ತಲಾ ಬೇಡವಾ? ತಿಳ್ದವ್ರು ಹೇಳಿ ಪ್ಲೀಸ್.

ಬೆಟ್ಟದ ಹಾದಿ:

ಒತ್ತಬೇಡಿ ಮಾರಾಯ್ರೆ, ಸ್ವಲ್ಪ ತಡೀರಿ. ಆ ಬಟನ್ ಡಿವೈಸ್ ತೆಗೆಯೋದಲ್ಲ, ಆ ಡಿವೈಸ್ ಬರೆದಿರೋ ಡೇಟಾನೇ ಪೂರ್ತಿ ಅಳಿಸೋದು. ಐಕ್ಲೌಡ್ (ಒಂದೇ ಐಡಿ ಇರೋ ಡಿವೈಸುಗಳ ಡೇಟಾನ ನೆಟ್ ಮೂಲಕ ಸೇರಿಸಿಡೋ ಆಪಲ್ ವ್ಯವಸ್ಥೆ) ಆನ್ ಇದ್ರೆ ಎಲ್ಲಾ ಕಡೆಯಿಂದ ಹೋಗುತ್ತೆ, ಆಮೇಲೆ ವಾಪಸ್ ತರೋ ದಾರಿ ಇಲ್ಲ. ಅಮ್ಮ ಐಫೋನ್ 8 ಇಟ್ಕೊಂಡಿದ್ದ ವರ್ಷಗಳ ನಡಿಗೆ ಎಲ್ಲಾ ಅದರಲ್ಲೇ ಇದೆ ತಾನೆ, ಆಪರೇಷನ್ನಿಗೆ ಮುಂಚೆ ಎಷ್ಟು ಓಡಾಡ್ತಿದ್ರು ಅನ್ನೋದಕ್ಕೆ ಇರೋ ಒಂದೇ ದಾಖಲೆ ಅದು.

ಒಂದೆರಡು ವಿಷಯ ತಿಳಿಸಿ. ಹಳೇ ಐಫೋನ್ 8 ಈಗ ಎಲ್ಲಿದೆ, ಯಾರ ಕೈಲಿದೆ? ಅದರಲ್ಲಿ ಇನ್ನೂ ಅಮ್ಮನ ಆಪಲ್ ಐಡಿನೇ ಇದ್ಯಾ? ಇನ್ನೊಂದು, ಮಳೇಲಿ ಕರೆಂಟ್ ಹೋಗಿ ವೈಫೈ ಇಲ್ದೇ ಇದ್ದ ದಿನಗಳಲ್ಲಿ ಲೆಕ್ಕ ಹೇಗಿತ್ತು?

ನಾಪೋಕ್ಲು ತೋಟ:

ಐಫೋನ್ 8 ಮಗನ ಹತ್ರ ಇದೆ, ಏಳನೇ ಕ್ಲಾಸು. ಸಿಮ್ ಇಲ್ಲ, ಮನೆ ವೈಫೈಲಿ ಯೂಟ್ಯೂಬ್ ನೋಡ್ತಾನೆ, ಆಮೇಲೆ ಜೇಬಲ್ಲಿ ಹಾಕ್ಕೊಂಡು ತೋಟಕ್ಕೆ ಹೋಗಿ ಫೋಟೋ ತೆಗೀತಾನೆ. ಐಡಿ ಅಮ್ಮನದೇ, ಬದಲಾಯಿಸಿಲ್ಲ.

ಕರೆಂಟ್ ವಿಷಯ ಹೇಗ್ ಗೊತ್ತಾಯ್ತು ನಿಮ್ಗೆ! ಮೊನ್ನೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಇರ್ಲಿಲ್ಲ, ಇನ್ವರ್ಟರೂ ಖಾಲಿ, ಆಗ ಅಮ್ಮನ ಲೆಕ್ಕ ಸರಿಯಾಗೇ ಬರ್ತಿತ್ತು, ಸಾವಿರದ ಆಸುಪಾಸು. ಕರೆಂಟ್ ಬಂದ ಮೇಲೆ ನೋಡಿದ್ರೆ ಕಳೆದು ಹೋದ ದಿನಗಳ ಲೆಕ್ಕನೂ ತನ್ನಷ್ಟಕ್ಕೆ ಏರಿಬಿಟ್ಟಿದೆ. ಆಪ್ ಕೆಟ್ಟಿದೆ ಅಂದ್ಕೊಂಡ್ವಿ.

ಬೆಟ್ಟದ ಹಾದಿ:

ಆಪ್ ಕೆಟ್ಟಿಲ್ಲ. ನಿಮ್ಮ ಮಗ ತೋಟದಲ್ಲಿ ಓಡಾಡಿದ್ದು ಅಜ್ಜಿ ಲೆಕ್ಕಕ್ಕೆ ಸೇರ್ತಿದೆ, ಅಷ್ಟೆ. ಎರಡೂ ಫೋನಲ್ಲಿ ಒಂದೇ ಐಡಿ ಇದೆ, ಹೆಲ್ತ್ ಡೇಟಾ ಐಕ್ಲೌಡ್ ಮೂಲಕ ಎರಡಕ್ಕೂ ಹೋಗಿ ಬಂದು ಮಾಡುತ್ತೆ. ನೆಟ್ ಇಲ್ಲದಾಗ 8ರಲ್ಲಿ ಕೂಡಿಟ್ಟಿದ್ದ ಹೆಜ್ಜೆಗಳು ವೈಫೈ ಬಂದ ತಕ್ಷಣ ಒಟ್ಟಿಗೆ ಬಂದು ಹಳೇ ದಿನಗಳ ಮೇಲೆ ಕೂತವು. ಮಹಡಿ ಲೆಕ್ಕನೂ ಹಾಗೇ. ಫೋನಿಗೆ ಮೆಟ್ಟಿಲು ಕಾಣಿಸಲ್ಲ, ಒಳಗೆ ಗಾಳಿ ಒತ್ತಡ ಅಳೆಯೋ ಬ್ಯಾರೋಮೀಟರ್ ಇದೆ, ನಡೀತಾ ಸುಮಾರು 3 ಮೀಟರ್ ಮೇಲೇರಿದ್ರೆ ಒಂದು ಮಹಡಿ ಅಂತ ಬರ್ಕೊಳ್ಳುತ್ತೆ. ನಮ್ಮ ಕಡೆ ಗದ್ದೆಯಿಂದ ಮನೆಗೆ ಬರೋದ್ರೊಳಗೆ ಎಷ್ಟು ಏರ್ತೀವಿ ನೋಡಿ, ತೋಟದ ಏರಿನಲ್ಲಿ ಹುಡುಗ ಒಂದ್ ಸಲ ಹತ್ತಿ ಇಳಿದ್ರೆ ಮಡಿಕೇರಿಯ ಯಾವ ಬಿಲ್ಡಿಂಗಿಗಿಂತ ಜಾಸ್ತಿ ಮಹಡಿ ಆಗುತ್ತೆ.

ಇನ್ನೊಂದು ಕೇಳಬಹುದು ನೀವು, ಎರಡು ಫೋನಿನ ಲೆಕ್ಕ ಕೂಡಿಸಿಬಿಡುತ್ತಾ ಅಂತ. ಇಲ್ಲ. ಒಂದೇ ಹೊತ್ತಿಗೆ ಎರಡು ಕಡೆಯಿಂದ ಹೆಜ್ಜೆ ಬಂದ್ರೆ ಪಟ್ಟಿಯಲ್ಲಿ ಮೇಲಿರೋ ಡಿವೈಸಿನದನ್ನ ಮಾತ್ರ ತಗೊಳ್ಳುತ್ತೆ. ಆದ್ರೆ ಅಮ್ಮನ ಫೋನು ಚಾರ್ಜಿಗೆ ಹಾಕಿದ್ದೋ ಮೇಜಿನ ಮೇಲಿದ್ದೋ ಆಗ ಅದರಿಂದ ಏನೂ ಬರಲ್ವಲ್ಲ, ಆ ಖಾಲಿ ಜಾಗನ ಮಗನ ಫೋನು ತುಂಬುತ್ತೆ. ಅದಕ್ಕೇ ದಿನದಿಂದ ದಿನಕ್ಕೆ ಇಷ್ಟು ವ್ಯತ್ಯಾಸ.

ಇದರಲ್ಲಿ ಮೂರು ಬೇರೆ ಬೇರೆ ವಿಷಯ ಇದೆ, ಜನ ಒಂದೇ ಅಂದ್ಕೊಂಡು ಒದ್ದಾಡ್ತಾರೆ. ಬ್ಲೂಟೂತ್ ಜೋಡಿ ಅನ್ನೋದು ಒಂದು, ಫರ್ಗೆಟ್ ಕೊಟ್ರೆ ಹೋಗೋದು ಅದು ಮಾತ್ರ. ಆ ಡಿವೈಸಿಗೆ ಇನ್ನು ಮುಂದೆ ಬರೆಯೋಕೆ ದಾರಿ ಇದ್ಯಾ ಅನ್ನೋದು ಎರಡನೇದು. ಇಷ್ಟು ದಿನ ಬರೆದಿಟ್ಟಿರೋದು ಮೂರನೇದು, ಡಿವೈಸಸ್ ಪಟ್ಟಿ ತೋರಿಸೋದು ಇದನ್ನ. ಆ ಡಿವೈಸಿಂದ ಬಂದ ಡೇಟಾ ಇರೋ ತನಕ ಹೆಸರು ಅಲ್ಲಿರುತ್ತೆ, ಅದರಿಂದ ತೊಂದ್ರೆ ಏನೂ ಇಲ್ಲ. ಒಂದೇ ವಾಚು ಹಲವು ಸಲ ಕಾಣ್ತಿರೋದು ಸಾಫ್ಟ್‌ವೇರ್ ಅಪ್ಡೇಟ್ ಆದಾಗೆಲ್ಲ ಹೊಸ ಸಾಲು ಹುಟ್ಟೋದ್ರಿಂದ, ಯಾರೋ ಬಂದು ಸೇರ್ಕೊಂಡಿದ್ದಾರೆ ಅಂತ ಹೆದರಬೇಡಿ. ಹೆಸರಿನ ಮೇಲೆ ಒತ್ತಿ ಹಾರ್ಡ್‌ವೇರ್ ಸಾಲು ನೋಡಿ, 10,1 ಅಥವಾ 10,4 ಅಂತ ಇದ್ರೆ ಅದು ಐಫೋನ್ 8, 14,5 ಅಂತ ಇದ್ರೆ 13.

ಈಗ ಕೆಲಸಕ್ಕೆ ಬರೋಣ. ಮೊದಲು ಮಗನ ಫೋನಿಂದ ಶುರು ಮಾಡಿ, ಇದು ಮುಖ್ಯ, ಅಮ್ಮನ ಫೋನಲ್ಲಿ ಎಷ್ಟು ಅಳಿಸಿದ್ರೂ ಆ ಕಡೆಯಿಂದ ಹೊಸದು ಬರ್ತಾನೇ ಇರುತ್ತೆ. ಸೆಟ್ಟಿಂಗ್ಸ್ ತೆಗೆದು ಮೇಲಿರೋ ಹೆಸರು ಒತ್ತಿ, ಐಕ್ಲೌಡ್, ಅಲ್ಲಿ ಶೋ ಆಲ್ ಕೊಟ್ಟು ಹೆಲ್ತ್ ಆಫ್ ಮಾಡಿ. ಇದಕ್ಕಿಂತ ಒಳ್ಳೇದು ಅಮ್ಮನ ಐಡಿಯಿಂದ ಪೂರ್ತಿ ಸೈನ್ ಔಟ್ ಮಾಡಿ ಮಗನಿಗೇ ಬೇರೆ ಐಡಿ ಮಾಡ್ಕೊಡೋದು, ಫ್ಯಾಮಿಲಿ ಶೇರಿಂಗ್‌ನಲ್ಲಿ ಮಕ್ಕಳ ಅಕೌಂಟ್ ಮಾಡಬಹುದು. ಅಮ್ಮನ ಫೋಟೋ, ಮೆಸೇಜು, ಆಸ್ಪತ್ರೆ ಓಟಿಪಿ ಎಲ್ಲಾ ಹುಡುಗನ ಕೈಯಲ್ಲಿರೋ ಫೋನಿಗೂ ಬರೋದು ನನಗಂತೂ ಸರಿ ಅನ್ಸಲ್ಲ. ಸದ್ಯಕ್ಕೆ ಅಷ್ಟೆಲ್ಲಾ ಆಗಲ್ಲ ಅಂದ್ರೆ ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ಮೋಷನ್ ಅಂಡ್ ಫಿಟ್ನೆಸ್‌ಗೆ ಹೋಗಿ ಫಿಟ್ನೆಸ್ ಟ್ರ್ಯಾಕಿಂಗ್ ಆಫ್ ಮಾಡಿ, ಆ ಫೋನು ಹೆಜ್ಜೆ ಎಣಿಸೋದನ್ನೇ ನಿಲ್ಲಿಸುತ್ತೆ.

ಆಮೇಲೆ ಅಮ್ಮನ ಫೋನು. ಏನನ್ನೂ ಅಳಿಸೋ ಮುಂಚೆ ಹೆಲ್ತ್ ಆಪ್‌ನಲ್ಲಿ ಮೇಲೆ ಬಲಗಡೆ ಇರೋ ಫೋಟೋ ಒತ್ತಿ, ಕೆಳಗೆ ಎಕ್ಸ್‌ಪೋರ್ಟ್ ಆಲ್ ಹೆಲ್ತ್ ಡೇಟಾ ಕೊಡಿ. ವರ್ಷಗಟ್ಟಲೆ ಡೇಟಾ ಇರೋದ್ರಿಂದ ನಿಧಾನ ಆಗುತ್ತೆ, ಚಾರ್ಜಿಗೆ ಹಾಕಿ ಬಿಡಿ. ಒಂದು ಜಿಪ್ ಫೈಲ್ ಬರುತ್ತೆ, ಎಲ್ಲಾದ್ರೂ ಇಟ್ಕೊಳ್ಳಿ. ಆಪಲ್ ಆಪ್ ಒಳಗೆ ಅದನ್ನ ವಾಪಸ್ ತುಂಬೋ ವ್ಯವಸ್ಥೆ ಇಲ್ಲ, ಆದ್ರೂ ದಾಖಲೆ ಅಂತ ಕೈಲಿರುತ್ತೆ.

ಈಗ ಸ್ಟೆಪ್ಸ್ ತೆಗೆದು ಕೆಳಗಿನ ತನಕ ಹೋಗಿ, ಡೇಟಾ ಸೋರ್ಸಸ್ ಅಂಡ್ ಆಕ್ಸೆಸ್ ಅಂತ ಇದೆ, ಎಡಿಟ್ ಕೊಡಿ. ಐಫೋನ್ 13ನ ಎಳೆದು ಮೇಲಕ್ಕಿಡಿ. 8ರ ಮುಂದಿನ ಟಿಕ್ ತೆಗೆದ್ರೆ ಅದರ ಡೇಟಾ ಅಳಿಯಲ್ಲ, ಲೆಕ್ಕಕ್ಕೆ ಮಾತ್ರ ತಗೊಳ್ಳಲ್ಲ. ಫಿಸಿಯೋಗೆ ಕಳಿಸೋದಕ್ಕೆ ಇಷ್ಟೇ ಸಾಕು, ಈ ವಾರದ ಸ್ಕ್ರೀನ್‌ಶಾಟ್ ಸರಿಯಾಗುತ್ತೆ. ಟಿಕ್ ತೆಗೆದಿರೋ ತನಕ ಅಮ್ಮನ ಹಳೇ ವರ್ಷಗಳ ಗ್ರಾಫೂ ಖಾಲಿ ಕಾಣುತ್ತೆ, ಡೇಟಾ ಹೋಯ್ತು ಅಂತ ಗಾಬರಿ ಬೀಳಬೇಡಿ, ಟಿಕ್ ಹಾಕಿದ್ರೆ ಬರುತ್ತೆ. ಮಹಡಿ ಲೆಕ್ಕ, ನಡೆದ ದೂರ ಇವಕ್ಕೆಲ್ಲ ಬೇರೆ ಬೇರೆ ಪಟ್ಟಿ ಇದೆ, ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕೆ ಹೋಗಲ್ಲ, ಪ್ರತಿಯೊಂದರಲ್ಲೂ ಮಾಡ್ಬೇಕು.

ಗ್ರಾಫ್ ಪೂರ್ತಿ ಸರಿ ಇರ್ಬೇಕು ಅಂದ್ರೆ ಶೋ ಆಲ್ ಡೇಟಾ ಒಳಗೆ ದಿನ ತೆಗೆದು, 8ರಿಂದ ಬಂದ ಸಾಲುಗಳನ್ನ ಮಾತ್ರ ಅಳಿಸ್ಬೇಕು. ಕೈಲ್ ಮುಹೂರ್ತದಿಂದ ಇಲ್ಲಿ ತನಕ ಎಲ್ಲಾ ಕೂತು ಅಳಿಸೋ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಆಪರೇಷನ್ ಆದ ಮೇಲಿನದು ಮಾಡಿದ್ರೆ ಸಾಕು, ಫಿಸಿಯೋಗೆ ಬೇಕಾಗಿರೋದು ಅದೇ.

ಇನ್ನೊಂದು ಮಾತು, ಹೆಜ್ಜೆಗಿಂತ ಇದೇ ಮುಖ್ಯ ಅನ್ಸುತ್ತೆ. ಹೆಲ್ತ್ ಆಪ್‌ನಲ್ಲಿ ಮೊಬಿಲಿಟಿ ಅಂತ ಒಂದು ಭಾಗ ಇದೆ, ನಡೆಯೋ ವೇಗ, ಹೆಜ್ಜೆ ಉದ್ದ, ಎರಡು ಕಾಲಿನ ನಡಿಗೆ ಸಮ ಇದ್ಯಾ ಇಲ್ವಾ ಅನ್ನೋದು ಬರುತ್ತೆ. ಐಫೋನ್ 8ರಿಂದ ಈಚೆಗಿನ ಫೋನುಗಳು ಇದನ್ನ ಅಳೀತವೆ, ಅಂದ್ರೆ ಮಗನ ಫೋನೂ ಅಳೀತಿದೆ. ಹನ್ನೆರಡು ವರ್ಷದ ಹುಡುಗನ ನಡಿಗೆ ಅಮ್ಮನ ಹೆಸರಲ್ಲಿ ಫಿಸಿಯೋ ಕಣ್ಣಿಗೆ ಬಿದ್ರೆ ಮಂಡಿ ಬೇಗ ಸರಿ ಹೋಗಿದೆ ಅಂತ ವ್ಯಾಯಾಮ ಜಾಸ್ತಿ ಮಾಡಿಸ್ಬಹುದು, ಅದು ಅಪಾಯ. ಅಲ್ಲೂ ನೋಡಿ ಸರಿ ಮಾಡಿ, ಇಲ್ಲಿ ತನಕ ಕಳಿಸಿದ್ದು ಸರಿ ಇರ್ಲಿಲ್ಲ ಅಂತ ಅವರಿಗೆ ಫೋನ್ ಮಾಡಿ ಹೇಳಿ. ಈ ಅಳತೆ ಬರೋದು ಫೋನು ಸೊಂಟದ ಹತ್ರ ಇದ್ದು ಸಮ ನೆಲದಲ್ಲಿ ನಡೆದಾಗ. ಅಮ್ಮನ ಸೀರೆಗೋ ನೈಟಿಗೋ ಜೇಬಿರಲ್ಲ, ಸೊಂಟಕ್ಕೆ ಕಟ್ಟೋ ಸಣ್ಣ ಬಟ್ಟೆ ಚೀಲ ಹೊಲಿಸಿಕೊಡಿ, ಹೆಜ್ಜೆ ಲೆಕ್ಕನೂ ತಪ್ಪಲ್ಲ.

ನಾಪೋಕ್ಲು ತೋಟ:

ತುಂಬಾ ಥ್ಯಾಂಕ್ಸ್ ಅಣ್ಣ. ಮಗನ ಫೋನಲ್ಲಿ ಅಮ್ಮನ ಐಡಿ ಸೈನ್ ಔಟ್ ಮಾಡಿದೆ, ಅವನಿಗೆ ಬೇರೆ ಅಕೌಂಟ್ ಆಯ್ತು. ಸ್ಟೆಪ್ಸ್, ಮಹಡಿ, ದೂರ ಮೂರರಲ್ಲೂ 8ರ ಟಿಕ್ ತೆಗೆದಿದ್ದೀನಿ, ನಿನ್ನೆ ಅಮ್ಮನದು ಸಾವಿರದ ಇನ್ನೂರು ಚಿಲ್ಲರೆ, ಮಹಡಿ ಸೊನ್ನೆ. ಎರಡು ಕಾಲಿನ ನಡಿಗೆ ಸಮ ಇಲ್ಲದ್ದು ಈಗ ಜಾಸ್ತಿ ಕಾಣ್ತಿದೆ, ಫಿಸಿಯೋ ನೋಡಿ ಇದೇ ನಿಜವಾದ ಲೆಕ್ಕ, ಈ ಹಂತದಲ್ಲಿ ಹೀಗೇ ಇರ್ಬೇಕು ಅಂದ್ರು.

ಇನ್ನೊಂದು ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಕುಶಾಲನಗರದ ಚಿಕ್ಕಮ್ಮ ಆ ವಾಚನ್ನ ಅವರ ಐಫೋನಿಗೆ ಜೋಡಿಸೋಕೆ ಹೋದ್ರೆ ಅಮ್ಮನ ಐಡಿ ಪಾಸ್‌ವರ್ಡ್ ಕೇಳ್ತಿದೆಯಂತೆ. ಕೊಟ್ಬಿಡ್ಲಾ? ಬಿಪಿ ಮಿಷನ್ ಕಥೆನೂ ಹೇಳಿ.

ಬೆಟ್ಟದ ಹಾದಿ:

ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಚಿಕ್ಕಮ್ಮ ಆದ್ರೂ ಸರಿ. ಅದು ಆಕ್ಟಿವೇಷನ್ ಲಾಕು, ಕಳ್ಳತನ ಆದ್ರೆ ಬೇರೆಯವ್ರು ಬಳಸದ ಹಾಗೆ ಇರೋದು. ವಾಚು ಕೊಡೋ ಮುಂಚೆ ಅಮ್ಮನ ಫೋನಿನ ವಾಚ್ ಆಪ್‌ನಲ್ಲಿ ಆಲ್ ವಾಚಸ್, ಪಕ್ಕದ ಐ ಗುರುತು, ಅನ್‌ಪೇರ್ ಅಂತ ಮಾಡಿದ್ರೆ ಲಾಕೂ ಹೋಗುತ್ತೆ, ವಾಚಿನ ಬ್ಯಾಕಪ್ಪೂ ಫೋನಲ್ಲಿ ಉಳಿಯುತ್ತೆ. ಈಗ ವಾಚು ಅಲ್ಲಿ, ಫೋನು ಇಲ್ಲಿ ಇರೋದ್ರಿಂದ ಐಕ್ಲೌಡ್ ವೆಬ್‌ಸೈಟಲ್ಲಿ ಅಮ್ಮನ ಐಡಿಯಿಂದ ಒಳಗೆ ಹೋಗಿ ಫೈಂಡ್ ಡಿವೈಸಸ್‌ನಲ್ಲಿ ಆ ವಾಚು ಆರಿಸಿ ಮೊದಲು ಇರೇಸ್, ಆಮೇಲೆ ರಿಮೂವ್ ಕೊಡಿ. ಅನ್‌ಪೇರ್ ಮಾಡಿದ್ರೂ ಇರೇಸ್ ಮಾಡಿದ್ರೂ ಅಮ್ಮನ ಹೆಲ್ತ್ ಆಪ್‌ಗೆ ಬಂದು ಸೇರಿರೋ ಹಳೇ ಹಾರ್ಟ್ ರೇಟ್ ಅಳಿಯಲ್ಲ, ಅದು ಹಾಗೇ ಇರ್ಲಿ. ಡಾಕ್ಟ್ರು ಮುಂದೆ ಯಾವತ್ತಾದ್ರೂ ಕೇಳ್ಬಹುದು.

ಬಿಪಿ ಮಿಷನ್ನಿಗೆ ಅದರದೇ ಕಂಪನಿ ಆಪ್ ಇರುತ್ತಲ್ಲ, ಆ ಆಪ್ ಒಳಗೆ ಮಿಷನ್ ತೆಗೀಬೇಕು, ಬ್ಲೂಟೂತ್ ಫರ್ಗೆಟ್ ಒಂದೇ ಸಾಲದು. ಮಿಷನ್ ಒಳಗೆ ಅಮ್ಮನ ಹಳೇ ರೀಡಿಂಗ್ ಕೂತಿರುತ್ತೆ, ಪಕ್ಕದ ಮನೆಯವ್ರು ಅವರ ಫೋನಿಗೆ ಜೋಡಿಸಿದಾಗ ಅವೂ ಅವರ ಲೆಕ್ಕಕ್ಕೆ ಹೋಗಬಹುದು, ಆದ್ರಿಂದ ಜೊತೆಗೆ ಬಂದ ಪುಸ್ತಕ ನೋಡಿ ಮೆಮೊರಿ ಖಾಲಿ ಮಾಡಿಕೊಡಿ. ಬಿಪಿ ಮಾತ್ರೆ ಜಾಸ್ತಿ ಮಾಡೋದು ಕಮ್ಮಿ ಮಾಡೋದು ಇದನ್ನ ನೋಡ್ಕೊಂಡೇ ಅಲ್ವಾ. ಅಮ್ಮನ ಆಪ್‌ನಲ್ಲಿ ಬಿಪಿ ಸಾಲುಗಳ ದಿನಾಂಕನೂ ಒಂದ್ಸಲ ನೋಡಿ, ಮಿಷನ್ ಕೊಟ್ಟ ಮೇಲಿನ ದಿನಾಂಕದ್ದು ಏನಾದ್ರೂ ಇದ್ರೆ ಅದು ಅಮ್ಮನದಲ್ಲ, ಅಳಿಸಿ.

ಸೋಮವಾರಪೇಟೆ ಏಲಕ್ಕಿ:

ನಡುವೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ. ನಂದು ಸ್ಯಾಮ್‌ಸಂಗ್, ಹಳೇ ವಾಚು ಅಣ್ಣನಿಗೆ ಕೊಟ್ಟೆ, ಆಪ್‌ನಲ್ಲಿ ಹೆಸರು ಇನ್ನೂ ಇದೆ. ಇದಕ್ಕೂ ಹೀಗೇನಾ?

ಬೆಟ್ಟದ ಹಾದಿ:

ಹೆಚ್ಚು ಕಮ್ಮಿ ಹೀಗೇ, ಆದ್ರೆ ಸುಲಭ. ಸ್ಯಾಮ್‌ಸಂಗ್ ಹೆಲ್ತ್ ಒಳಗೆ ಮೂರು ಚುಕ್ಕಿ ಒತ್ತಿ ಆಕ್ಸೆಸರೀಸ್‌ಗೆ ಹೋಗಿ, ವಾಚು ಆರಿಸಿ ತೆಗೀರಿ, ಹಳೇ ಲೆಕ್ಕ ಉಳಿಯುತ್ತೆ. ಅಣ್ಣನಿಗೆ ಕೊಟ್ಟಿರೋ ವಾಚಲ್ಲಿ ನಿಮ್ಮ ಅಕೌಂಟ್ ಇನ್ನೂ ಇದ್ರೆ ವಾಚನ್ನೇ ರೀಸೆಟ್ ಮಾಡ್ಸಿ, ಇಲ್ಲಾಂದ್ರೆ ಮೇಲಿನ ಕಥೆನೇ ನಿಮ್ಮನೇಲೂ ಆಗುತ್ತೆ. ಬೇರೆ ಬೇರೆ ಆಪ್‌ಗಳಿಂದ ಲೆಕ್ಕ ಬರ್ತಿದ್ರೆ ಹೆಲ್ತ್ ಕನೆಕ್ಟ್ ನೋಡಿ, ಆಂಡ್ರಾಯ್ಡ್ ಫೋನಲ್ಲಿ ಬೇರೆ ಬೇರೆ ಆಪ್‌ಗಳ ಆರೋಗ್ಯದ ಲೆಕ್ಕನ ಒಂದೇ ಕಡೆ ಸೇರಿಸೋದು ಅದು, ಆಂಡ್ರಾಯ್ಡ್ 14ರಿಂದ ಅದು ಫೋನಿನ ಸೆಟ್ಟಿಂಗ್ಸ್ ಒಳಗೇ ಇದೆ, ಯಾವ ಆಪ್ ಮೊದಲು ಯಾವುದು ಆಮೇಲೆ ಅನ್ನೋ ಸಾಲನ್ನ ಅಲ್ಲಿ ಬದಲಾಯಿಸ್ಬಹುದು.

ನಾಪೋಕ್ಲು ತೋಟ:

ವಾಚು ಐಕ್ಲೌಡಿಂದ ತೆಗೆದೆ, ಚಿಕ್ಕಮ್ಮನ ಫೋನಿಗೆ ಜೋಡಿ ಆಯ್ತಂತೆ. ಬಿಪಿಯಲ್ಲಿ ನೀವು ಹೇಳಿದ ಹಾಗೆ ಮಿಷನ್ ಕೊಟ್ಟ ಮೇಲಿನ ಒಂದೆರಡು ಸಾಲು ಇದ್ವು, ಪಕ್ಕದ ಮನೆಯವ್ರು ಇಲ್ಲಿಗೆ ಬಂದು ನೋಡಿಸ್ಕೊಂಡಾಗಿನದು, ಅಳಿಸಿದೆ. ಐಫೋನ್ 8ರ ಹಳೇ ಡೇಟಾ ಹಾಗೇ ಇಟ್ಕೊಂಡಿದ್ದೀನಿ.