ಲಯ ಕಳೆದುಹೋಗಿದೆ, ಸಿಕ್ಕವರು ತಿಳಿಸಿ

"ಮತ್ತೆ ಅವನೇ ಬಂದ ನೋಡು" ಎಂದ ಗುಂಡ.

"ಹೋಗಿದ್ದರೆ ತಾನೇ ಮತ್ತೆ ಬರೋದು?" ಎಂದ ನಾಣಿ. "ನೀರು ಕುಡಿಯೋಕೆ ಕೂತಿದ್ದ, ಅಷ್ಟೆ."

ಟೀವಿಯಲ್ಲಿ ಬಾಸ್ಕೆಟ್‌ಬಾಲ್, 48 ನಿಮಿಷದ ಆಟ. ಅದರಲ್ಲಿ ಮುಕ್ಕಾಲು ಪಾಲು ನಮ್ಮ ತಂಡದ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು, ಅಂಕಣದಲ್ಲೇ ಇರುತ್ತಾನೆ. ಚೆಂಡು ಅವನ ಕೈಯಲ್ಲಿ, ಸೋಲು ನಮ್ಮ ತಲೆ ಮೇಲೆ. ಸೀನ ಮಾತ್ರ ಎಂದಿನ ಹಾಗೆ ಕೋಚ್ ಪರ ವಕೀಲ.

"ಕೋಚ್ ಹೇಳಿದ್ದು ಕೇಳಲಿಲ್ವಾ? ಅವನು ಲಯ ಕಳೆದುಕೊಂಡಿದ್ದಾನೆ. ಆಡ್ತಾ ಆಡ್ತಾ ಸಿಗುತ್ತೆ."

"ಎಲ್ಲಿ ಕಳೆದುಕೊಂಡನಂತೆ?" ಎಂದ ನಾಣಿ.

"ಎಲ್ಲಿ ಅಂದರೆ?"

"ಅಲ್ಲಪ್ಪ, ಹುಡುಕೋಕೆ ಒಂದು ಜಾಗ ಅಂತ ಬೇಕಲ್ಲ. ಮೂರು ಪಾಯಿಂಟ್ ಗೆರೆ ಹತ್ತಿರ ನೋಡಿದ, ಇಲ್ಲ. ಫ್ರೀ ಥ್ರೋ ಗೆರೆಯಲ್ಲಿ ನೋಡಿದ, ಅಲ್ಲೂ ಇಲ್ಲ. ಎದುರಾಳಿ ಹತ್ತಿರ ಇರಬಹುದೇನೋ ಅಂತ ಪ್ರತಿ ಪಂದ್ಯದಲ್ಲೂ ನಾಲ್ಕೈದು ಸಲ ಚೆಂಡನ್ನು ಅವರ ಕೈಗೇ ಕೊಟ್ಟು ವಿಚಾರಿಸುತ್ತಾನೆ. ಪಾಪ, ಹುಡುಕಾಟದಲ್ಲಿ ಮಾತ್ರ ಮೋಸ ಇಲ್ಲ."

ಅಷ್ಟರಲ್ಲಿ ನಮ್ಮವನು ಚೆಂಡು ತಟ್ಟುತ್ತಾ ಬಂದ. ಎದುರಿಗೆ ಕಾಯಬೇಕಾದವನು ಕಾಯಲೇ ಇಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ, ಕೈ ಇಳಿಬಿಟ್ಟು, ಹೊಡಿಯಪ್ಪ ನಮ್ಮದೇನೂ ತಕರಾರಿಲ್ಲ ಅನ್ನುವ ಹಾಗೆ ನಿಂತ. ನಮ್ಮ ಉದ್ದದ ಸೆಂಟರ್ ಸ್ಕ್ರೀನ್ ಹಾಕಲು, ಅಂದರೆ ಎದುರಾಳಿಗೆ ಅಡ್ಡ ನಿಲ್ಲಲು, ಓಡಿ ಬಂದ. ನಮ್ಮವನು ಬೇಡ ಹೋಗು ಅಂತ ಕೈಬೀಸಿದ. ತಟ್ಟಿದ, ತಟ್ಟಿದ, ಇನ್ನೂ ತಟ್ಟಿದ. ಬಾಸ್ಕೆಟ್‌ಗೆ ಹೊಡೆಯಲು ಕೊಡುವ 24 ಸೆಕೆಂಡಿನಲ್ಲಿ ಐದು ಉಳಿದಾಗ ಮೂಲೆಯಲ್ಲಿದ್ದವನ ನೆನಪಾಗಿ ಅವನ ಕಡೆ ಎಸೆದ. ಆ ಬಡಪಾಯಿ ಕಣ್ಣುಮುಚ್ಚಿ ಹೊಡೆದ, ರಿಮ್ಮಿಗೂ ತಾಗಲಿಲ್ಲ. ಆ ಮಿಸ್ ಬಿದ್ದದ್ದು ಮೂಲೆಯವನ ಲೆಕ್ಕಕ್ಕೆ.

ಮುಂದಿನ ಸಲ ತಾನೇ ಹೊಡೆದ. ಅದೂ ಹೋಯಿತು. ಆಮೇಲೆ ಹಸ್ತರೇಖೆ ಓದುವ ಹಾಗೆ ಅಂಗೈ ತಿರುಗಿಸಿ ನೋಡಿಕೊಂಡ.

"ನೋಡಿದೆಯಾ, ಅಲ್ಲೂ ಹುಡುಕಿದ. ಇಲ್ಲ" ಎಂದ ನಾಣಿ. "ಅವನನ್ನು ಕಾಯಬೇಕಾದವನು ಬಾಸ್ಕೆಟ್ ಕೆಳಗೆ ಹೋಗಿ ನಿಂತುಬಿಡುತ್ತಾನೆ. ಉಳಿದವರಿಗೆ ಒಳಗೆ ನುಗ್ಗೋಕೆ ಜಾಗ ಎಲ್ಲಿ? ಬೇರೆಯವರದ್ದು ಐದಕ್ಕೆ ಐದು, ನಮ್ಮದು ನಾಲ್ಕಕ್ಕೆ ಐದು."

"ಅವನ ಸಂಬಳ ಎಷ್ಟು ಗೊತ್ತಾ? ಅಷ್ಟು ದುಡ್ಡು ಕೊಟ್ಟು ಬೆಂಚ್ ಮೇಲೆ ಕೂರಿಸೋಕಾಗುತ್ತಾ?" ಎಂದ ಸೀನ.

"ಅಲ್ಲಿಗೆ ಬಾ! ಆಡುತ್ತಿರೋದು ಅವನಲ್ಲ, ಅವನ ಕಾಂಟ್ರಾಕ್ಟ್. ಅಮೆರಿಕದ ಈ ಎನ್‌ಬಿಎ ಲೀಗ್‌ನಲ್ಲಿ ದೊಡ್ಡ ಕಾಂಟ್ರಾಕ್ಟ್ ಅಂದರೆ ಆಡಲಿ ಬಿಡಲಿ ದುಡ್ಡು ಕೊಡಲೇಬೇಕು. ಕೂರಿಸಿದರೆ ದುಡ್ಡು ಹೋಗುತ್ತೆ. ಆಡಿಸಿದರೆ ದುಡ್ಡೂ ಹೋಗುತ್ತೆ, ಪಂದ್ಯವೂ ಹೋಗುತ್ತೆ."

"ಹಳೇ ಕಾಲದ ದೈತ್ಯ ವಿಲ್ಟ್ ಚೇಂಬರ್ಲೇನ್ 1961–62ರಲ್ಲಿ ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದ, ಗೊತ್ತಾ?" ಎಂದ ಸೀನ.

"ಆಟ ಇರೋದೇ 48!" ಗುಂಡ ಬೆಚ್ಚಿದ.

"ಸಮಬಲ ಆದಾಗಿನ ಓವರ್‌ಟೈಮ್ ಸೇರಿಸಿ."

"ಜೊತೆಗೆ ಸರಾಸರಿ 50 ಪಾಯಿಂಟ್ ಹೊಡೆದ, ಅದನ್ನೂ ಸೇರಿಸಿಕೋ" ಎಂದ ನಾಣಿ. "ಅವನನ್ನು ಹೊರಗೆ ಕರೆಯೋಕೆ ಯಾವ ಕೋಚ್‌ಗೆ ಧೈರ್ಯ ಬರುತ್ತೆ? ನಮ್ಮವನ ವಿಷಯದಲ್ಲಿ ಧೈರ್ಯಕ್ಕೇನು ಬಂತು ಅನ್ನೋದು ನನ್ನ ಪ್ರಶ್ನೆ."

"ಧೈರ್ಯ ಮಾಡಿದವರ ಗತಿ ಹೇಳಲಾ?" ಸೀನ ಮುಂದಕ್ಕೆ ಬಾಗಿದ. "2022ರ ಜನವರಿ. ಲೇಕರ್ಸ್ ತಂಡದಲ್ಲಿ ಪಾಯಿಂಟ್ ಗಾರ್ಡ್ ವೆಸ್ಟ್‌ಬ್ರೂಕ್. ಆ ವರ್ಷದ ಸಂಬಳ 4.4 ಕೋಟಿ ಡಾಲರ್. ಇಂಡಿಯಾನಾ ತಂಡದ ಮೇಲಿನ ಪಂದ್ಯದಲ್ಲಿ ಕೋಚ್ ಫ್ರಾಂಕ್ ವೋಗಲ್ ಕೊನೆಯ ಸುಮಾರು ನಾಲ್ಕು ನಿಮಿಷ ಅವನನ್ನು ಕೂರಿಸಿದ. ಪಂದ್ಯವೂ ಸೋತರು. ಏಪ್ರಿಲ್‌ನಲ್ಲಿ ವೋಗಲ್ ಕೆಲಸವೇ ಹೋಯಿತು."

"ಕೂರಿಸಿದವನು ಮನೆಗೆ, ಕೂತವನು ಅಲ್ಲೇ. ಸರಿ ಹೋಯ್ತು" ಎಂದ ನಾಣಿ. "ಆದರೆ ಪೂರ್ತಿ ಹೇಳು. ಮುಂದಿನ ಸೀಸನ್‌ನಲ್ಲಿ ಹೊಸ ಕೋಚ್ ಡಾರ್ವಿನ್ ಹ್ಯಾಮ್ ಬಂದು ಅದೇ ವೆಸ್ಟ್‌ಬ್ರೂಕ್‌ನನ್ನು ಬೆಂಚಿನಿಂದ ಆಡಿಸಲಿಲ್ವಾ? ಆಕಾಶ ಕಳಚಿ ಬಿತ್ತಾ? ಅವನು 2017ರ ಎಂವಿಪಿ, ಲೀಗ್‌ನ ಆ ವರ್ಷದ ಶ್ರೇಷ್ಠ ಆಟಗಾರ ಕಣಯ್ಯಾ. ಸ್ಪರ್ಸ್ ಕೋಚ್ ಪೊಪೊವಿಚ್ ಅಂತೂ 2012ರಲ್ಲಿ ತನ್ನ ದೊಡ್ಡ ತಾರೆ ಟಿಮ್ ಡಂಕನ್‌ಗೇ ಒಂದು ಪಂದ್ಯ ರಜೆ ಕೊಟ್ಟ. ಸ್ಕೋರ್‌ಶೀಟ್‌ನಲ್ಲಿ ಕಾರಣ ಏನಂತ ಬಂತು? 'ಆಡಲಿಲ್ಲ, ವಯಸ್ಸಾಗಿದೆ.' ನಮ್ಮ ಕೋಚ್‌ಗೂ ಒಂದು ಬರೆದುಕೊಡುತ್ತೇನೆ: 'ಆಡಲಿಲ್ಲ, ಲಯ ಹುಡುಕಲು ಹೋಗಿದ್ದಾನೆ.'"

ಬೆಂಚಿನ ತುದಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಎರಡನೇ ಪಾಯಿಂಟ್ ಗಾರ್ಡ್. ಕೋಚ್ ಎದ್ದಾಗಲೆಲ್ಲ ಜಾಕೆಟ್ಟಿನ ಜಿಪ್ಪನ್ನು ಅರ್ಧ ಇಳಿಸುತ್ತಾನೆ. ಕೋಚ್ ಕೂತರೆ ಮತ್ತೆ ಮೇಲೇರಿಸುತ್ತಾನೆ. ಕ್ಯಾಮೆರಾ ಇದನ್ನು ತೋರಿಸುವುದು ಅಪರೂಪ, ಗುಂಡನ ಕಣ್ಣು ಮಾತ್ರ ಅಲ್ಲೇ.

"ಅವನನ್ನಾದರೂ ಬಿಡಬಾರದಾ?"

"ಅವನಿಗೆ ಅನುಭವ ಸಾಲದು" ಎಂದ ಸೀನ.

"ಆಡಿಸದಿದ್ದರೆ ಅನುಭವ ಅಂಚೆಯಲ್ಲಿ ಬರುತ್ತಾ?" ಎಂದ ನಾಣಿ. " ಚೆನ್ನಾಗಿದೆ. ಅನುಭವ ಇರೋನಿಗೆ ಲಯ ಇಲ್ಲ, ಲಯ ಇರಬಹುದಾದವನಿಗೆ ಅನುಭವ ಇಲ್ಲ. ನಮಗೆ ಮಾತ್ರ ಎರಡೂ ಬೇಡ, ತಾಳ್ಮೆ ಇದ್ದರೆ ಸಾಕು."

ಸೀನ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, "ಡೆರಿಕ್ ರೋಸ್ ನೆನಪಿದ್ದಾನಾ?" ಎಂದ.

ನೆನಪಿಲ್ಲದೆ ಇರುತ್ತಾನಾ? 2011ರಲ್ಲಿ, 22ನೇ ವಯಸ್ಸಿಗೇ ಎಂವಿಪಿ. 2012ರ ಪ್ಲೇಆಫ್‌ನ (ನಾಕೌಟ್ ಹಂತದ) ಮೊದಲ ಪಂದ್ಯದಲ್ಲಿ ಅವನ ತಂಡ ಬುಲ್ಸ್ 12 ಪಾಯಿಂಟ್ ಮುಂದಿದ್ದರು, ಉಳಿದದ್ದು ಒಂದೂವರೆ ನಿಮಿಷಕ್ಕೂ ಕಡಿಮೆ, ಇನ್ನೂ ಅಂಕಣದಲ್ಲೇ ಇದ್ದ. ಮೊಣಕಾಲು ಹೋಯಿತು. ಯಾಕೆ ಆಡಿಸುತ್ತಿದ್ದ ಅಂತ ಕೋಚ್ ಥಿಬೊಡೊ ಮೇಲೆ ಎಲ್ಲರೂ ಬಿದ್ದರು.

"2018ರ ಅಕ್ಟೋಬರ್ 31" ಎಂದ ಸೀನ. "ಮಿನ್ನೆಸೋಟಾ ತಂಡದಲ್ಲಿ, ಅದೇ ಥಿಬೊಡೊ ಕೈಕೆಳಗೆ, ಅದೇ ರೋಸ್ 50 ಪಾಯಿಂಟ್ ಹೊಡೆದ. ಅತ್ತುಬಿಟ್ಟ. ಆವತ್ತು ಇದೇ ಟೀವಿ ಮುಂದೆ ನೀನೂ ಅತ್ತೆ ನಾಣಿ."

"ಅತ್ತೆ. ಯಾರು ಇಲ್ಲ ಅಂದರು? ನಮ್ಮವನು ಬಂದ ಹೊಸದರಲ್ಲಿ ಹೇಗಿದ್ದ! ಎಡಕ್ಕೆ ಒಂದು ಹೆಜ್ಜೆ ಹಾಕಿದರೆ ಇಡೀ ಡಿಫೆನ್ಸ್ ಎಡಕ್ಕೆ ವಾಲುತ್ತಿತ್ತು. ಅವನು ಕೆಟ್ಟದಾಗಿ ಆಡಿದರೆ ನನಗೆ ಸಿಟ್ಟಿಲ್ಲ ಸೀನ. ದಿನಾ ಅಷ್ಟು ಹೊತ್ತು ಅದನ್ನ ನೋಡು ಅಂತಾರಲ್ಲ, ಅದು ಕಷ್ಟ."

ಪಂದ್ಯ ಕೈಬಿಟ್ಟಾಗಿತ್ತು. 20 ಪಾಯಿಂಟ್ ಹಿಂದೆ, ಕೊನೆಯ ಎರಡು ನಿಮಿಷ, ಎದುರಾಳಿಯ ಮುಖ್ಯ ಆಟಗಾರರೆಲ್ಲ ಟವೆಲ್ ಹೊದ್ದು ನಗುತ್ತಾ ಕೂತಿದ್ದರು. ನಮ್ಮವನು ಮಾತ್ರ ಇನ್ನೂ ಅಂಕಣದಲ್ಲಿ. ಗೆರೆಯಾಚೆಯಿಂದ ಹೊಡೆದ. ಬಿತ್ತು. ಮುಂದಿನ ಸಲ ಮತ್ತೆ ಹೊಡೆದ. ಅದೂ ಬಿತ್ತು, ರಿಮ್ಮಿಗೆ ತಾಗದೆ ಸೊಂಯ್ ಅಂತ. ಎಲ್ಲರೂ ಎದ್ದು ನಿಂತು ಕೂಗಿದೆವು. ಮೊದಲು ಕೂತವನು ನಾಣಿ.

"ಹಾಳಾಯ್ತು" ಎಂದ.

"ಯಾಕೋ? ಲಯ ಸಿಕ್ಕಿತಲ್ಲ!" ಎಂದ ಸೀನ.

"ಅದಕ್ಕೇ ಹೇಳಿದ್ದು. ನಾಳೆ 42 ನಿಮಿಷ ಆಡಿಸುತ್ತಾನೆ."