ತಾಲ್ಲೂಕಿನ ಸಾಂತ್ವನ ಕೇಂದ್ರ ಮುಚ್ಚಿದ ಮೇಲೆ ನೊಂದ ಮಹಿಳೆ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಸ್ತ್ರೀಶಕ್ತಿ ಸಂಘದ ಪ್ರತಿನಿಧಿಯಾಗಿ ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಹೊಡೆತ ತಿಂದು ನಮ್ಮ ಬಳಿಗೆ ಬಂದ ಹೆಣ್ಣುಮಕ್ಕಳನ್ನು ನಾವು ಇಷ್ಟು ಕಾಲವೂ ತಾಲ್ಲೂಕಿನ ಸಾಂತ್ವನ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದೆವು. ಬಸ್ ನಿಲ್ದಾಣದಿಂದ ನಡೆದೇ ತಲುಪಬಹುದಾದ ಎರಡು ಕೋಣೆಗಳ ಬಾಡಿಗೆ ಮನೆ ಅದು. ಅಲ್ಲಿ ಒಬ್ಬರು ಆಪ್ತಸಮಾಲೋಚಕಿ ಮತ್ತು ಸಮಾಜ ಕಾರ್ಯಕರ್ತೆಯರು ಇದ್ದರು. ಕಡೆಯ ಎರಡು ವರ್ಷ ಅನುದಾನ ತಡವಾಗುತ್ತಲೇ ಹೋಗಿ, ಬಾಡಿಗೆ ಬಾಕಿ ಬಿದ್ದು, ಗೌರವಧನವಿಲ್ಲದೆ ಕಾರ್ಯಕರ್ತೆಯರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದು, ಕೊನೆಗೆ ಬಾಗಿಲು ಮುಚ್ಚಿತು. ಕೇಳಿದರೆ, ಜಿಲ್ಲಾ ಕೇಂದ್ರದಲ್ಲಿ ನೊಂದ ಮಹಿಳೆಯರಿಗಾಗಿ ಸಖಿ ಎಂಬ ನೆರವು ಕೇಂದ್ರ ಇದೆ, ಅಲ್ಲಿಗೆ ಕಳುಹಿಸಿ ಎನ್ನುತ್ತಾರೆ. ನಮ್ಮ ಹೋಬಳಿಯಿಂದ ಅದು 70 ಕಿಲೋಮೀಟರ್ ದೂರ.

ಬಜೆಟ್ ಭಾಷಣದಲ್ಲಿ ಮಹಿಳೆಯರ ರಕ್ಷಣೆಯ ಹಣ ಕಡಿಮೆ ಮಾಡಿದ್ದೇವೆ ಎಂದು ಯಾರೂ ಹೇಳಲಿಲ್ಲ. ಹಾಗಿರುವಾಗ ಇದನ್ನು ಅನುದಾನ ಕಡಿತ ಎಂದು ಕರೆಯಬಹುದೇ? ಮನವಿ ಸಲ್ಲಿಸುವುದಾದರೆ ಯಾರ ಮುಂದೆ, ಯಾವ ಆಧಾರದ ಮೇಲೆ ಸಲ್ಲಿಸಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ಮಾಜಿ ಸಮಾಲೋಚಕಿ

ನಾನು ಇಂಥದೇ ಒಂದು ಕೇಂದ್ರದಲ್ಲಿ ಒಂಬತ್ತು ವರ್ಷ ಇದ್ದೆ. ನಮ್ಮಲ್ಲಿಗೆ ಅತಿ ಹೆಚ್ಚು ಮಹಿಳೆಯರು ಬರುತ್ತಿದ್ದುದು ಸಂತೆಯ ದಿನ. ಸಂತೆಗೆ ಹೋಗಿದ್ದೆ ಎಂದರೆ ಮನೆಯಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ತರಕಾರಿ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಅರ್ಧ ಗಂಟೆ ಮಾತಾಡಿ ಹೊರಡುತ್ತಿದ್ದರು. ಮೊದಲ ಸಲ ಬಂದವರು ಸಾಮಾನ್ಯವಾಗಿ ದೂರು ಕೊಡುವುದಿಲ್ಲ. ಮಗುವಿಗೆ ಜ್ವರವೆಂದೋ, ರೇಷನ್ ಕಾರ್ಡಿನ ವಿಚಾರವೆಂದೋ ಮಾತು ಶುರುಮಾಡಿ, ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ ತೋಳಿನ ಮೇಲಿನ ಗಾಯವನ್ನು ತೋರಿಸುತ್ತಾರೆ. ಆ ನಾಲ್ಕನೆಯ ಭೇಟಿ ಸಾಧ್ಯವಾಗಬೇಕಾದರೆ ಮೊದಲ ಮೂರು ಭೇಟಿಗಳು ಸುಲಭವಾಗಿರಬೇಕು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾಗಿರುವುದರಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವುದು ಕಷ್ಟವಲ್ಲ ಎಂದು ಅಧಿಕಾರಿಯೊಬ್ಬರು ನನಗೆ ಹೇಳಿದ್ದರು. ಟಿಕೆಟಿನ ಹಣ ಉಳಿಯುತ್ತದೆ, ನಿಜ. ಆದರೆ ಒಂದು ದಿನದ ಕೂಲಿ ಹೋಗುತ್ತದೆ, ಶಾಲೆಯಿಂದ ಮಕ್ಕಳು ಬರುವ ಹೊತ್ತಿಗೆ ಮನೆ ಸೇರಲಾಗುವುದಿಲ್ಲ, ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಹೇಳಲು ಕಾರಣವಿರುವುದಿಲ್ಲ. ಆ ಪ್ರಶ್ನೆಯಿಂದಲೇ ಮತ್ತೊಂದು ಹೊಡೆತ ಆರಂಭವಾಗುವುದನ್ನು ನಾನು ಕಂಡಿದ್ದೇನೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದು ದೇಶದಲ್ಲೇ ಅತಿ ಹೆಚ್ಚು. ದೇಶದ ಮಟ್ಟದಲ್ಲಿ ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ಶೇ. 14ರಷ್ಟು ಮಾತ್ರ. ಕೇಂದ್ರಕ್ಕೆ ಬರುವ ಪ್ರಕರಣಗಳು ಕಡಿಮೆ, ಆದ್ದರಿಂದ ಅದರ ಅಗತ್ಯವಿಲ್ಲ ಎನ್ನುವವರಿಗೆ ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿ ಹೇಳಿ.

ಉತ್ತರ: ನ್ಯಾಯವಾದಿ, ಹುಬ್ಬಳ್ಳಿ

ನಿಮ್ಮ ಮನವಿಯ ಕಾನೂನಿನ ಆಧಾರವನ್ನಷ್ಟೇ ಹೇಳುತ್ತೇನೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 8ನೇ ಪ್ರಕರಣ ಸಂರಕ್ಷಣಾಧಿಕಾರಿಗಳ ನೇಮಕವನ್ನು ಕುರಿತದ್ದು. 10ನೇ ಪ್ರಕರಣದಡಿ ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು ಸೇವಾದಾತರಾಗಿ ಕೌಟುಂಬಿಕ ಘಟನಾ ವರದಿಯನ್ನು ದಾಖಲಿಸಬಹುದು, ಮಹಿಳೆಯನ್ನು ವೈದ್ಯಕೀಯ ಪರೀಕ್ಷೆಗೆ ಕರೆದೊಯ್ಯಬಹುದು, ಆಶ್ರಯ ಒದಗಿಸಬಹುದು. ನಿಮ್ಮ ಕೇಂದ್ರವನ್ನು ನಡೆಸುತ್ತಿದ್ದ ಸಂಸ್ಥೆ ಈ ರೀತಿ ನೋಂದಣಿಯಾಗಿತ್ತೇ ಎಂದು ನೋಡಿ. ಆಗಿದ್ದರೆ, ಬಾಗಿಲು ಮುಚ್ಚಿದಾಗ ತಾಲ್ಲೂಕು ಕಳೆದುಕೊಂಡದ್ದು ಸಮಾಲೋಚನೆಯ ಕೋಣೆಯನ್ನು ಮಾತ್ರವಲ್ಲ, ಕಾಯ್ದೆ ಕೊಟ್ಟಿದ್ದ ಒಂದು ಅಧಿಕಾರವನ್ನೂ ಹೌದು.

ಕರ್ನಾಟಕದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿಗಳು, ಪೌಷ್ಟಿಕ ಆಹಾರ, ಗೃಹಲಕ್ಷ್ಮಿ ಅರ್ಜಿಗಳು, ಇವೆಲ್ಲದರ ನಡುವೆ ಅವರು ಘಟನಾ ವರದಿ ಬರೆಯಬೇಕು, ನ್ಯಾಯಾಲಯದ ನೋಟಿಸ್ ತಲುಪಿಸಬೇಕು, ಆದೇಶ ಪಾಲನೆಯಾಗಿದೆಯೇ ನೋಡಬೇಕು. ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಯತ್ನಿಸಬೇಕೆಂದು 12ನೇ ಪ್ರಕರಣ ಹೇಳುತ್ತದೆ. ನಾನು ನಡೆಸಿದ ಮೊಕದ್ದಮೆಗಳಲ್ಲಿ ನೋಟಿಸ್ ತಲುಪುವುದಕ್ಕೇ ಅಷ್ಟು ದಿನ ಹಿಡಿದದ್ದುಂಟು. ಇದರಲ್ಲಿ ಅಧಿಕಾರಿಯ ತಪ್ಪಿಗಿಂತ ಪ್ರತ್ಯೇಕ ಹುದ್ದೆಗೆ ಹಣ ಒದಗಿಸದೆ ಇದ್ದವರ ಹೆಗಲಿಗೇ ಹೊರೆ ಏರಿಸಿದವರ ತಪ್ಪು ಹೆಚ್ಚು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸಂರಕ್ಷಣಾಧಿಕಾರಿಗಳಿಲ್ಲದ ಕಡೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳನ್ನು ಆರು ವಾರಗಳೊಳಗೆ ಗುರುತಿಸಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಅದನ್ನು ಮನವಿಯಲ್ಲಿ ಉಲ್ಲೇಖಿಸಿ, ಆದರೆ ಹೆಸರಿಗೆ ಗುರುತಿಸುವುದರ ಜೊತೆಗೆ ಸಿಬ್ಬಂದಿ ಮತ್ತು ವಾಹನವೂ ಬೇಕೆಂದು ಕೇಳಿ. ಅಲ್ಲಿಯವರೆಗೆ ನಿಮ್ಮಲ್ಲಿಗೆ ಬಂದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯಿರಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಸಹಾಯವಾಣಿ 15100.

ಉತ್ತರ: ಲೆಕ್ಕಶೀರ್ಷಿಕೆ

ಇದು ಕಡಿತವೇ ಎಂದು ಕೇಳಿದ್ದೀರಿ. ನನ್ನ ಉತ್ತರ ಹೌದು. ಬಜೆಟ್ ದಾಖಲೆಗಳಲ್ಲಿ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ ಎಂಬ ಮೂರು ಅಂಕಣಗಳಿರುತ್ತವೆ. ಭಾಷಣದಲ್ಲಿ ಕೇಳಿಬರುವುದು ಮೊದಲನೆಯದು, ಊರಿಗೆ ತಲುಪುವುದು ಮೂರನೆಯದು. ಕಂತು ತಡವಾಗಿ ಬಿಡುಗಡೆಯಾದರೆ ಸಂಸ್ಥೆ ಸಕಾಲಕ್ಕೆ ಹಣ ಬಳಕೆ ಪ್ರಮಾಣಪತ್ರ ಕೊಡಲಾರದು. ಪ್ರಮಾಣಪತ್ರ ಇಲ್ಲವೆಂದು ಮುಂದಿನ ಕಂತು ನಿಲ್ಲುತ್ತದೆ. ವರ್ಷದ ಕೊನೆಗೆ ಹಣ ಖರ್ಚಾಗಲಿಲ್ಲ ಎಂಬ ಕಾರಣಕ್ಕೆ ಮರುವರ್ಷದ ಅಂದಾಜನ್ನೇ ಇಳಿಸುತ್ತಾರೆ. ಹೀಗೆ ಯಾರೂ ಸಹಿ ಹಾಕದೆಯೇ ಒಂದು ಸೇವೆ ನಿಂತುಹೋಗುತ್ತದೆ.

ಮಹಿಳೆಯರಿಗೆ ಮೀಸಲಾದ ಒಟ್ಟು ಮೊತ್ತವನ್ನು ನೋಡಿ ಸಮಾಧಾನಪಡಬೇಡಿ. ಗೃಹಲಕ್ಷ್ಮಿಗೆ ರಾಜ್ಯ ವರ್ಷಕ್ಕೆ 28,000 ಕೋಟಿ ರೂಪಾಯಿಗೂ ಹೆಚ್ಚು ಹಣ ಮೀಸಲಿಡುತ್ತಿದೆ. ತಿಂಗಳಿಗೆ 2,000 ರೂಪಾಯಿ ತನ್ನ ಖಾತೆಗೇ ಬರುವುದರಿಂದ ಅನೇಕರಿಗೆ ಧೈರ್ಯ ಬಂದಿದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡ ಸಂಖ್ಯೆ ಸೇರಿದ ಮೇಲೆ, ಒಂದು ತಾಲ್ಲೂಕಿನ ಸಮಾಲೋಚನಾ ಕೇಂದ್ರಕ್ಕೆ ಬೇಕಾದ ಕೆಲವೇ ಲಕ್ಷ ಇದ್ದರೂ ಇಲ್ಲದಿದ್ದರೂ ಒಟ್ಟು ಮೊತ್ತದಲ್ಲಿ ಗೊತ್ತಾಗುವುದೇ ಇಲ್ಲ. ಆದ್ದರಿಂದ ಬಜೆಟ್ ದಾಖಲೆಯಲ್ಲಿ 2235 (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಎಂಬ ಪ್ರಧಾನ ಲೆಕ್ಕಶೀರ್ಷಿಕೆಯ ಕೆಳಗೆ ಸಾಂತ್ವನ ಯೋಜನೆಯ ಸಾಲನ್ನೇ ಹುಡುಕಿ, ಐದು ವರ್ಷಗಳ ಮೂರೂ ಅಂಕಣಗಳನ್ನು ಬರೆದುಕೊಳ್ಳಿ.

ಉತ್ತರ ಪ್ರದೇಶದಲ್ಲಿ 2016ರಲ್ಲಿ ಆರಂಭವಾದ 181 ಮಹಿಳಾ ಸಹಾಯವಾಣಿಯ ಕಾರ್ಯಕರ್ತೆಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದು, 2020ರ ಜೂನ್‌ನಲ್ಲಿ ಕೆಲಸ ಕಳೆದುಕೊಂಡರು. ಲಾಕ್‌ಡೌನ್‌ನಲ್ಲಿ ಹಿಂಸೆಯ ದೂರುಗಳು ಏರಿದ್ದ ಕಾಲವದು. ಕರೆಗಳನ್ನು ಪೊಲೀಸ್ ತುರ್ತು ಸಂಖ್ಯೆಯಾದ 112ಕ್ಕೆ ವರ್ಗಾಯಿಸಲಾಯಿತು. ಆದರೆ 112ಕ್ಕೆ ಕರೆ ಮಾಡಿದರೆ ಮನೆಯ ಮುಂದೆ ಪೊಲೀಸ್ ವಾಹನ ನಿಲ್ಲುತ್ತದೆ ಎಂಬ ಭಯಕ್ಕೇ ಸುಮ್ಮನಿರುವ ಮಹಿಳೆಯರು ಎಷ್ಟೋ ಮಂದಿ.

ಉತ್ತರ: ನಿವೃತ್ತ ಮೇಲ್ವಿಚಾರಕಿ

ಇಲಾಖೆಯಲ್ಲಿ ದುಡಿದವಳಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಾಂತ್ವನ ಯೋಜನೆ ಬಂದದ್ದು 2000–01ರಲ್ಲಿ, ಸಖಿ ಬಂದದ್ದು 2015ರಲ್ಲಿ, ಮಹಿಳೆಯರ ಸುರಕ್ಷತೆಗಾಗಿ ಕೇಂದ್ರ ಸರ್ಕಾರ ಇಟ್ಟ ನಿರ್ಭಯಾ ನಿಧಿಯಿಂದ. ಒಂದೇ ಕೆಲಸಕ್ಕೆ ಎರಡು ಯೋಜನೆ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ಕೆಲವು ಕೇಂದ್ರಗಳು ಕಡತದಲ್ಲಿ ಮಾತ್ರ ನಡೆಯುತ್ತಿದ್ದುದನ್ನು ನಾನೇ ತಪಾಸಣೆಯಲ್ಲಿ ಕಂಡಿದ್ದೇನೆ. ಆದರೆ ಅಂಥವನ್ನು ನಿಲ್ಲಿಸುವುದು ಬೇರೆ, ಚೆನ್ನಾಗಿ ನಡೆಯುತ್ತಿದ್ದವೂ ಬಾಡಿಗೆ ಕಟ್ಟಲಾಗದೆ ಮುಚ್ಚುವಂತೆ ಬಿಡುವುದು ಬೇರೆ. ಸಖಿಯಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ ಒಂದೇ ಸೂರಿನಡಿ ಸಿಗುತ್ತವೆ, ಐದು ದಿನ ತಂಗಬಹುದು. ಮಾರಣಾಂತಿಕ ಹಲ್ಲೆಯಾದಾಗ ಅದಕ್ಕಿಂತ ಒಳ್ಳೆಯ ವ್ಯವಸ್ಥೆಯಿಲ್ಲ. ಆರನೆಯ ದಿನ ಮನೆಗೆ ಮರಳಿದವಳ ಬಾಗಿಲಿಗೆ ಹೋಗಿ, ಹೇಗಿದ್ದೀಯಮ್ಮ ಎಂದು ಕೇಳುತ್ತಿದ್ದವರು ಮಾತ್ರ ತಾಲ್ಲೂಕಿನ ಕಾರ್ಯಕರ್ತೆಯರೇ.

ಬಜೆಟ್ ಮಂಡನೆಗೆ ತಿಂಗಳುಗಳ ಮೊದಲೇ ಇಲಾಖೆಯ ಬೇಡಿಕೆಗಳು ಆರ್ಥಿಕ ಇಲಾಖೆಗೆ ಹೋಗಿರುತ್ತವೆ. ಆದ್ದರಿಂದ ಮನವಿಯನ್ನು ದೀಪಾವಳಿಯ ಹೊತ್ತಿಗೇ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿಯನ್ನು ನಿಮ್ಮ ಶಾಸಕರಿಗೂ, ಇನ್ನೊಂದನ್ನು ವಿಧಾನಮಂಡಲದ ಮಹಿಳೆಯರು ಮತ್ತು ಮಕ್ಕಳ ಕಲ್ಯಾಣ ಸಮಿತಿಗೂ ಕಳುಹಿಸಿ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಐದು ವರ್ಷಗಳ ಬಿಡುಗಡೆಯ ದಿನಾಂಕ ಮತ್ತು ಮೊತ್ತವನ್ನು ಕೇಳಿ ಮಾಹಿತಿ ಹಕ್ಕಿನ ಅರ್ಜಿಯನ್ನು ಈ ಸೋಮವಾರ ಸಲ್ಲಿಸುತ್ತೇವೆ. ಕೇಂದ್ರದ ಹಳೆಯ ಭೇಟಿ ಪುಸ್ತಕ ಸಂಸ್ಥೆಯವರ ಬಳಿಯೇ ಇದೆ. ಹೆಸರುಗಳನ್ನು ಬಿಟ್ಟು, ಸಂತೆಯ ದಿನ ಎಷ್ಟು ಜನ ಬಂದಿದ್ದರು, ಎಷ್ಟನೆಯ ಭೇಟಿಯಲ್ಲಿ ದೂರು ದಾಖಲಾಯಿತು ಎಂಬುದನ್ನಷ್ಟೇ ಎಣಿಸಿ ಮನವಿಗೆ ಲಗತ್ತಿಸಬಹುದೇ ಎಂದು ನ್ಯಾಯವಾದಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ನ್ಯಾಯವಾದಿ, ಹುಬ್ಬಳ್ಳಿ

ಲಗತ್ತಿಸಬಹುದು. ಆದರೆ ಹೆಸರಿನ ಜೊತೆಗೆ ಊರಿನ ಹೆಸರನ್ನೂ ಬಿಡಿ. ಸಣ್ಣ ಊರುಗಳಲ್ಲಿ ಊರು ಮತ್ತು ತಿಂಗಳು ತಿಳಿದರೆ ಮಹಿಳೆ ಯಾರೆಂದು ತಿಳಿದುಬಿಡುತ್ತದೆ. ಹೋಬಳಿವಾರು ಮತ್ತು ವರ್ಷವಾರು ಸಂಖ್ಯೆಯನ್ನಷ್ಟೇ ಕೊಡಿ.