ಪದ್ಮಿನಿ ಫ್ಯಾನಿಗೆ ಕೈ ಹಾಕೋ ಮುಂಚೆ ಕೇಳು ಮಗಳೇ

ಮಗಳೇ, ನಿನ್ನ ಮೆಸೇಜ್ ಈಗ ನೋಡಿದೆ. ಅಜ್ಜನ ಪ್ರೀಮಿಯರ್ ಪದ್ಮಿನಿ ಕಾರಿಗೆ ಆಮೇಲೆ ಹಾಕಿಸಿದ ಕರೆಂಟ್ ಫ್ಯಾನ್ ತೆಗೀಬೇಕು, ರೇಡಿಯೇಟರ್ ತೂತಾಗುತ್ತಾ ದೊಡ್ಡಪ್ಪ ಅಂತ ಕೇಳಿದ್ದೀಯ. ರೇಡಿಯೇಟರ್ ಆಮೇಲೆ ನೋಡೋಣ, ಮೊದಲು ನಿನ್ನ ಬೆರಳು. ಬ್ಯಾಟರಿ ವೈರ್ ಬಿಚ್ಚದೆ ಆ ಫ್ಯಾನಿಗೆ ಕೈ ಹಾಕಬೇಡ.

ಕಾರು ಆಫ್ ಆಗಿದೆ, ಕೀ ಜೇಬಲ್ಲಿದೆ, ಇನ್ನೇನು ಅಂತ ನಾನೂ ಅಂದುಕೊಂಡಿದ್ದೆ. ನಿನ್ನ ಅತ್ತೆ ಮಗನ ಮುಂಜಿ ಮುಗಿಸಿ ಉಡುಪಿಯಿಂದ ಇದೇ ಕಾರಲ್ಲಿ ಬರುತ್ತಿದ್ದೆವು. ಹಿಂದಿನ ಸೀಟಲ್ಲಿ ಅಜ್ಜಿ, ನಿನ್ನ ದೊಡ್ಡಮ್ಮ, ಮಧ್ಯೆ ಹಲಸಿನ ಹಪ್ಪಳದ ಡಬ್ಬ. ಆಗುಂಬೆ ಘಾಟಿಯ 14 ತಿರುವು ಹತ್ತೋಷ್ಟರಲ್ಲಿ ಎಂಜಿನ್ ಬಿಸಿ ತೋರಿಸುವ ಮೀಟರ್ ಮುಳ್ಳು ಕೆಂಪಿಗೆ ಹೋಯಿತು. ಮೇಲೆ ಬಂದು ನಿಲ್ಲಿಸಿ, ಕೀ ತೆಗೆದು, ಬಾನೆಟ್ ಎತ್ತಿದೆ. ಫ್ಯಾನ್ ಸುಮ್ನೆ ನಿಂತಿತ್ತು. ರೆಕ್ಕೆಗೆ ಒಂದು ತರಗೆಲೆ ಸಿಕ್ಕಿಕೊಂಡಿತ್ತು, ತೆಗೆಯೋಣ ಅಂತ ಕೈ ಹಾಕಿದೆ. ತಿರುಗಿಬಿಟ್ಟಿತು! ಎರಡು ಬೆರಳು ಮೂಳೆ ಕಾಣುವ ಹಾಗೆ ಸೀಳಿತು. ಅಜ್ಜಿ ಸೆರಗು ಹರಿದು ಕಟ್ಟಿದರು. ತೀರ್ಥಹಳ್ಳಿಗೆ ಬಂದು ಹೊಲಿಗೆ ಹಾಕಿಸಿಕೊಂಡೆ. ಇವತ್ತಿಗೂ ಆ ನಡುಬೆರಳು ಪೂರ್ತಿ ಮಡಚೋದಿಲ್ಲ.

ಯಾಕೆ ತಿರುಗಿತು ಗೊತ್ತಾ? ಆ ಫ್ಯಾನಿನ ವೈರ್ ಕೀ ದಾರಿಯಲ್ಲಿ ಬಂದಿರಲಿಲ್ಲ, ನೇರ ಬ್ಯಾಟರಿಯಿಂದ ಬಂದಿತ್ತು. ರೇಡಿಯೇಟರ್ ನೀರು ಕಾದರೆ ತಾನೇ ಆನ್ ಆಗುವ ಸ್ವಿಚ್ಚು ಅದಕ್ಕಿತ್ತು. ಎಂಜಿನ್ ನಿಂತರೆ ನೀರು ಓಡಾಡುವುದು ನಿಲ್ಲುತ್ತದೆ, ಕಾವು ಮಾತ್ರ ಇನ್ನೂ ಸ್ವಲ್ಪ ಹೊತ್ತು ಏರುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಬ್ಯಾಟರಿ ವೈರ್ ಬಿಚ್ಚದೆ ಕೈ ಹಾಕಬೇಡ. ನೆಗೆಟಿವ್ ಮೊದಲು ಬಿಚ್ಚು. ಎಂಜಿನ್ ಪೂರ್ತಿ ತಣ್ಣಗಿರಲಿ.

ಆ ಫ್ಯಾನ್ ಬೇಡವೇ ಬೇಡ ಅಂತ ನಾನು ಆಗಲೇ ಹೇಳಿದ್ದೆ. ನಿಮ್ಮಪ್ಪ ಕೇಳಲಿಲ್ಲ. ಬೆಂಗಳೂರು ಟ್ರಾಫಿಕ್ಕಲ್ಲಿ ಬಿಸಿಯಾಗುತ್ತೆ ಅಂತ ಹಾಕಿಸಿದ. ರೇಡಿಯೇಟರ್ ಒಳಗೆ ತುಕ್ಕು ಕೆಸರು ಕಟ್ಟಿತ್ತು, ಅದನ್ನು ಕ್ಲೀನ್ ಮಾಡಿಸಿದ್ದರೆ ಸಾಕಿತ್ತು. ನಮ್ಮಪ್ಪ, ಅಂದರೆ ನಿನ್ನ ಅಜ್ಜ, ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಕಾರು ಅದು. ಹಿರಿಮಗ ನಾನು ಊರಲ್ಲೇ ಇದ್ದೆ, ನನ್ನನ್ನು ಒಂದು ಮಾತು ಕೇಳಬಹುದಿತ್ತು ಅಲ್ವಾ? ಗ್ಯಾರೇಜಿನವನು ಕಾರಿನ ಜೊತೆ ಬಂದಿದ್ದ ಕಂಪನಿ ಫ್ಯಾನ್ ಬಿಚ್ಚಿ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಎರಡು ಸಲ ಹೋಗಿ ಜಗಳ ಆಡಿ ತಂದವನು ನಾನು. ಅದನ್ನು ಯಾರೂ ನೆನೆಯುವುದಿಲ್ಲ.

ಹಾಂ, ನೀನು ಕೇಳಿದ್ದು ರೇಡಿಯೇಟರ್ ವಿಷಯ. ಆ ಫ್ಯಾನನ್ನು ಪ್ಲಾಸ್ಟಿಕ್ ಕಡ್ಡಿಗಳಲ್ಲಿ ರೇಡಿಯೇಟರ್ ಜಾಲರಿಯ ಮೂಲಕವೇ ಕಟ್ಟಿದ್ದಾರೆ. ಫ್ಯಾನ್ ಹಿಡಿದು ಎಳೆಯಬೇಡ, ಹಿತ್ತಾಳೆ ಟ್ಯೂಬ್ ಕಿತ್ತುಹೋಗುತ್ತದೆ. ಕಡ್ಡಿಯ ಒಂದು ತುದಿ ಕಟ್ಟರ್‌ನಲ್ಲಿ ಕತ್ತರಿಸಿ, ಇನ್ನೊಂದು ಕಡೆಯಿಂದ ಮೆಲ್ಲಗೆ ಎಳೆ. ಕಡ್ಡಿ ಉಜ್ಜಿದ ಜಾಗದಲ್ಲಿ ಹಸಿರು ಕಲೆ ಇದ್ದರೆ ಸೋರಿದೆ ಅಂತ ಅರ್ಥ. ಫ್ಯಾನಿಗೆ ಬಂದ ವೈರನ್ನು ಟೇಪ್ ಸುತ್ತಿ ಬಿಡಬೇಡ, ಬ್ಯಾಟರಿವರೆಗೂ ಪೂರ್ತಿ ತೆಗೆ. ನೀರು ಕಾದರೆ ಆನ್ ಆಗುವ ಆ ಸ್ವಿಚ್ಚನ್ನು ಮಾತ್ರ ಇದ್ದಲ್ಲೇ ಬಿಡು, ತಿರುಗಿಸಿದರೆ ನೀರೆಲ್ಲ ಹೊರಗೆ.

ಮುಖ್ಯವಾದ್ದು, ಕಂಪನಿ ಫ್ಯಾನನ್ನು ವಾಟರ್ ಪಂಪಿನ ಪುಲ್ಲಿಗೆ, ಅಂದರೆ ಬೆಲ್ಟ್ ತಿರುಗಿಸುವ ಗಾಲಿಗೆ, ವಾಪಸ್ ಹಾಕದೆ ಗಾಡಿ ಓಡಿಸಬೇಡ. ಎಂಜಿನ್ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ, ಅಲ್ಯೂಮಿನಿಯಂ, ಕಾದರೆ ಸೊಟ್ಟಗಾಗುತ್ತದೆ. ಫ್ಯಾನ್ ನಮ್ಮ ಅಟ್ಟದಲ್ಲಿದೆ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇನೆ, ಬೋಲ್ಟ್ ಕೂಡ ಅದರಲ್ಲೇ ಇವೆ. ಭಾನುವಾರ ಬಾ, ಊಟಕ್ಕೆ ಇಲ್ಲೇ ಇರು.